ಲಾಭ, ಎರಡು, ಮೂರು

ಡುಲೂತ್, ಜನವರಿ, ರಾತ್ರಿ ಎರಡೂಕಾಲು.
ಎಚ್ಚರವಾದದ್ದು ಚಳಿಗಲ್ಲ,
ಸದ್ದು ನಿಂತದ್ದಕ್ಕೆ.
ಹನ್ನೊಂದು ಚಳಿಗಾಲ ನೆಲದಡಿ ಗೊರಕೆ ಹೊಡೆದ ಫರ್ನೇಸು
ಉಸಿರು ಹಿಡಿದು ಕೂತಿತ್ತು.

ನೆಲಮಾಳಿಗೆಗೆ ಇಳಿದೆ.
ತಗಡಿನ ಬಾಗಿಲಲ್ಲಿ ಅಂಗಿಗುಂಡಿಯಷ್ಟು ಗಾಜು,
ಗಾಜಿನ ಹಿಂದೆ ಕೆಂಪು ದೀಪ
ಮಿಟುಕುತ್ತಿದೆ, ತಡೆಯುತ್ತಿದೆ, ಮತ್ತೆ ಮಿಟುಕುತ್ತಿದೆ,
ಮೂಗಿಯೊಬ್ಬಳು ಸೆರಗು ಜಗ್ಗಿದ ಹಾಗೆ.

ಚೆನ್ನವೀರ ಊರ ಬೀದಿಗಳ ಹಿಮ ಗೋರಲು ಹೋಗಿದ್ದಾನೆ
ನಗರಪಾಲಿಕೆಯ ಲಾರಿಯಲ್ಲಿ. ಫೋನು ಎತ್ತುವುದಿಲ್ಲ.
ಫರ್ನೇಸಿನ ಬೆನ್ನಿಗೆ ಅಂಟಿಸಿದ್ದ ಚೀಟಿಯ ನಂಬರು ಒತ್ತಿದೆ.
ಡೇಲ್ ಕೊರ್ಪಿ. ನಿದ್ದೆ ಮೆತ್ತಿದ ದನಿ.
ಗ್ಯಾಸಿನ ವಾಸನೆ ಇದೆಯೆ, ಮೊದಲು ಅದು ಹೇಳು.
ಮೂಸಿದೆ. ಇಲ್ಲ.
ಇದ್ದರೆ ನನ್ನ ಜೊತೆ ಮಾತಾಡುತ್ತ ನಿಲ್ಲಬೇಡ,
ದೀಪದ ಸ್ವಿಚ್ಚು ಸಹ ಮುಟ್ಟಬೇಡ,
ಮಗುವನ್ನೆತ್ತಿಕೊಂಡು ಬೀದಿಗೆ ನಡೆ.
ಇಲ್ಲ ತಾನೆ? ಹಾಗಾದರೆ ಎಣಿಸು.
ಬಾಗಿಲು ಮಾತ್ರ ತೆಗೆಯಬೇಡ,
ತೆಗೆದರೆ ಅದಕ್ಕೆ ಎಲ್ಲ ಮರೆತುಹೋಗುತ್ತದೆ.

ಎಣಿಸಿದೆ, ಗಟ್ಟಿಯಾಗಿ:
ಲಾಭ, ಎರಡು, ಮೂರು.
ಬಿಡುವು.
ಲಾಭ, ಎರಡು, ಮೂರು.

ಮೊದಲನೆಯದೇನು? ಎಂದ ಕೊರ್ಪಿ.

ಸೋದರತ್ತೆ ದುಂಡವ್ವ ಜೋಳ ಅಳೆಯುವಾಗ
ಮೊದಲ ಸೇರಿಗೆ ಒಂದು ಅಂದದ್ದೇ ಇಲ್ಲ.
ಎಣಿಸು ಅಂದರೆ ಸಾಕು, ನನ್ನ ನಾಲಿಗೆ
ಇನ್ನೂ ಆ ರಾಶಿಯ ಮುಂದೆ ಕುಕ್ಕರಗಾಲಲ್ಲಿ.
ಎರಡೂವರೆ ರಾತ್ರಿಗೆ ಇದನ್ನು ಯಾರಿಗೆ ಬಿಡಿಸಿ ಹೇಳಲಿ?
ಒನ್, ಎಂದೆ.

ಮೂರಾದರೆ ಅದಕ್ಕೆ ಗಾಳಿ ಸಿಗುತ್ತಿಲ್ಲ, ಎಂದ.
ಹೊರಗೋಡೆಯಲ್ಲಿ ಎರಡು ಬಿಳಿ ಕೊಳವೆ, ಹಿಮ ಮುಚ್ಚಿರಬೇಕು. ಕೆದಕು.
ಆಮೇಲೆ ಒಮ್ಮೆ ಆರಿಸಿ ಹಚ್ಚು. ಒಮ್ಮೆ.
ಮತ್ತೆ ಅದೇ ಲೆಕ್ಕ ಬಂದರೆ
ಅದು ನಿನ್ನ ಕೆಲಸವಲ್ಲ, ನನ್ನದು.

ಸಲಿಕೆ ಕಾರಿನಲ್ಲಿ, ಕಾರು ಚೆನ್ನವೀರನ ಡಿಪೋದಲ್ಲಿ.
ಹಿಟ್ಟು ನಾದುವ ಪರಾತ ಹಿಡಿದು ಹೊರಗೆ ಹೋದೆ.
ಸರೋವರದ ಕಡೆಯಿಂದ ಬೀಸುವ ಗಾಳಿಗೆ ಮೂಗಿನ ಕೂದಲು ಸೂಜಿಯಾದವು.
ಕೊಳವೆಗಳ ಬಾಯಿ ಸಿಕ್ಕಿತು. ಬಂದು ಹಚ್ಚಿದೆ.
ಟಿಕ್. ಗುಂಯ್. ಆಮೇಲೆ ನೀಲಿ ಬೆಂಕಿಯ ಸಾಲು.
ಗೆದ್ದೆ ಅಂದುಕೊಂಡೆ
ಹತ್ತು ನಿಮಿಷ.

ಮತ್ತೆ ಮೂರು.
ಸ್ವಿಚ್ಚಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ನಿಂತೆ.
ಕೆಟ್ಟದ್ದನ್ನು ತಟ್ಟಿ ನಡೆಸುವುದೇ ನಮ್ಮ ಮನೆತನದ ಜಾಣತನ:
ರೇಡಿಯೋ, ನೀರಿನ ಪಂಪು, ಗಂಡಸರು.
ಬೆರಳು ತೆಗೆದೆ.
ಕೊರ್ಪಿಗೆ ಮತ್ತೆ ಫೋನು ಮಾಡಿದೆ.

ಮುಕ್ತಾಳನ್ನು ಕೌದಿಯಲ್ಲಿ ಸುತ್ತಿ ಮಡಿಲಿಗೆ ಎಳೆದುಕೊಂಡೆ.
ಕೊಳವೆ ಹೆಪ್ಪುಗಟ್ಟದಿರಲೆಂದು ನಲ್ಲಿಯನ್ನು ಸಣ್ಣಗೆ ಬಿಟ್ಟೆ.
ಗ್ಯಾಸ್ ಒಲೆ ಹಚ್ಚಿಡೋಣ, ಅಂದಳು.
ಬೇಡ, ಎಂದೆ. ವಿಷದ ಹೊಗೆ ವಾಸನೆ ಹೇಳಿ ಬರುವುದಿಲ್ಲ.

ಏಳಕ್ಕೆ ಬಂದ, ಹುಬ್ಬಿನ ಮೇಲೆ ಹಿಮ.
ಬಾಗಿಲು ಕಳಚಿದ, ಬೆರಳು ಗಾತ್ರದ ರಬ್ಬರು ನಳಿಕೆ ಎಳೆದು
ಊದಿದ.
ಅಂಗೈಗೆ ಬಿತ್ತು, ಒಣಗಿದ ಒಂದು ಹುಳು,
ಯಾವುದೋ ಬೇಸಿಗೆಯಲ್ಲಿ ತೂತು ಹುಡುಕಿ ಬಂದದ್ದು.
ಇಷ್ಟೇ, ಎಂದ.

ಕಣಜ, ಎಂದೆ ನಾನು.
ನಮ್ಮಲ್ಲಿ ಕಾಳು ತುಂಬಿಡುವ ಜಾಗಕ್ಕೂ ಇದೇ ಹೆಸರು.
ಅವನು ತಲೆಯಾಡಿಸಿ ಬಿಲ್ಲು ಬರೆದ.

ಒಂಬತ್ತಕ್ಕೆ ಚೆನ್ನವೀರ ಬಂದ, ಬೂಟು ಕಳಚುತ್ತ ಬಿಲ್ಲು ಓದಿದ.
ನೂರ ಎಂಬತ್ತೈದು ಡಾಲರು!
ಇದರಿಂದ ಏನು ಲಾಭವಾಯಿತೇ?

ಕೆಳಗೆ ದೀಪ ಮಿಟುಕದೆ ಉರಿಯುತ್ತಿತ್ತು,
ಎಣಿಸಲು ಏನೂ ಇರಲಿಲ್ಲ.
ಬಿಲ್ಲಿನ ಮೇಲೆ ಕಣಜವನ್ನಿಟ್ಟೆ.