ಹಿಗ್ಗು

ತಾರ್ತು ಊರಿನ ಆಸ್ಪತ್ರೆ, ಮೂರನೆಯ ಮಹಡಿ.
ಮಾರ್ಚಿಯ ಬೆಳಗು, ಕಿಟಕಿಯಾಚೆ ನದಿ ಇನ್ನೂ ಹೆಪ್ಪು.
ಒಳಗೆ ಇಪ್ಪತ್ತನಾಲ್ಕು ಡಿಗ್ರಿ, ಹೆಚ್ಚಿಲ್ಲ ಕಡಿಮೆಯಿಲ್ಲ:
ಚಳಿಗೆ ನಾಳ ಮುದುಡುತ್ತದೆ,
ಮುದುಡಿದರೆ ನಮ್ಮ ಲೆಕ್ಕ ಹಾಳು.

ಹನ್ನೊಂದನೆಯವನು ತರ್ವೊ.
ದೋಣಿಯ ಹಲಗೆಗೆ ಟಾರು ಬಳಿಯುವವನು, ನಲವತ್ತೊಂದು ವರ್ಷ.
ಸಿಗರೇಟಿಲ್ಲ, ಮಾತ್ರೆಯಿಲ್ಲ, ನಿನ್ನೆಯಿಂದ ಕಾಫಿಯೂ ಇಲ್ಲ.
ಅರ್ಜಿಯ ತಲೆಯ ಮೇಲೆ ನಾನೇ ಬರೆದೆ: ಆರೋಗ್ಯವಂತ.
ಅಂದರೆ, ನಾವು ಕೇಳಿದ್ದಕ್ಕೆಲ್ಲ
ಇಲ್ಲ ಇಲ್ಲ ಎಂದವನು.

ಎರಡೂ ಮುಂಗೈಗೆ ಪಾದರಸ ತುಂಬಿದ ರಬ್ಬರಿನ ಎಳೆ,
ಉಡಿದಾರಕ್ಕಿಂತ ತೆಳು.
ತೋಳಪಟ್ಟಿ ಉಬ್ಬಿ ಹತ್ತು ಸೆಕೆಂಡು ಮರಳುವ ರಕ್ತವನ್ನು ತಡೆಯುತ್ತದೆ.
ಬರುವುದು ಬರುತ್ತಲೇ ಇರುತ್ತದೆ,
ಮುಂಗೈ ಕೂದಲೆಳೆಯಷ್ಟು ತುಂಬುತ್ತದೆ,
ಕಾಗದದ ಮೇಲೆ ಗೆರೆ ಏರುತ್ತದೆ.
ಆ ಏರಿನ ಓರೆ ಸಾಕು ನಮಗೆ.

ಮದ್ದು ಎಡಗೈಗೆ ಮಾತ್ರ. ಬಲಗೈ ಸಾಕ್ಷಿ.
ಈ ಕೈಗೆ ಕೊಟ್ಟದ್ದು ಆ ಕೈಗೆ ತಿಳಿಯಬಾರದು:
ದಾನಕ್ಕೆ ಹೇಳಿದ ಮಾತು, ಇಲ್ಲಿ ವಿಧಾನ.

ಮೊದಲು ಬರೀ ಉಪ್ಪುನೀರು. ಗೆರೆ ಕದಲಲಿಲ್ಲ.
ಆಮೇಲೆ ಅಸಿಟೈಲ್‌ಕೋಲಿನ್. ಅದು ನೇರ ನುಗ್ಗುವುದಿಲ್ಲ,
ನಾಳದ ಒಳಪದರದ ಕದ ತಟ್ಟುತ್ತದೆ,
ಪದರ ಗಟ್ಟಿಯಿದ್ದರೆ ಒಳಗಿನಿಂದ ಅಪ್ಪಣೆ.
ತರ್ವೊನ ಗೆರೆ ಐದು ಪಟ್ಟು.
ನೈಟ್ರೊಪ್ರಸೈಡ್‌ಗೆ ಈ ಮರ್ಯಾದೆಯಿಲ್ಲ,
ಯಾರನ್ನೂ ಕೇಳದೆ ಸ್ನಾಯುವಿನ ಬಿಗಿ ಬಿಡಿಸುತ್ತದೆ.
ಬೆಳಕು ಕಂಡರೆ ಕೆಡುವ ಜಾತಿ. ಸಿರಿಂಜಿಗೆ
ಹೆಲ್ವಿ ಬೆಳ್ಳಿಹಾಳೆ ಸುತ್ತುತ್ತಾಳೆ,
ಒಲೆಗಿಡುವ ಮೀನಿಗೆ ಸುತ್ತಿದ ಹಾಗೆ.
ಅದೂ ಹೆಚ್ಚುಕಡಿಮೆ ಐದೇ.
ವೆರಪಮಿಲ್ ನಿಧಾನಿ. ಏರಿತು, ಇಳಿಯಲು ಮರೆಯಿತು.

ಮದ್ದಿನಿಂದ ಮದ್ದಿಗೆ ಅರ್ಧ ಗಂಟೆ ಉಪ್ಪುನೀರು,
ಹಳೆಯದೆಲ್ಲ ತೊಳೆದುಹೋಗಲಿ ಎಂದು.
ಅಂಥದೊಂದು ಬಿಡುವಿನಲ್ಲಿ, ಹತ್ತೂ ಐವತ್ತಕ್ಕೆ,
ಕಾರಿಡಾರಿನಲ್ಲಿ ಯಾರೋ ಸಿಳ್ಳೆ ಹಾಕುತ್ತ ಹೋದರು.
ನಲ್ಲಿ ರಿಪೇರಿಯವನಿರಬೇಕು. ಅರ್ಧ ರಾಗ, ಅದೂ ತಪ್ಪು.

ಗೆರೆ ಎದ್ದಿತು.
ಎಡಗೈಯದೊಂದೇ ಅಲ್ಲ, ಎರಡೂ.
ಸಾಕ್ಷಿಯೇ ಪಕ್ಷ ಸೇರಿತ್ತು.

ಹೆಲ್ವಿ ನನ್ನನ್ನು ನೋಡಿದಳು. ನಾನು ಕೊಳವೆ ನೋಡಿದೆ: ಉಪ್ಪುನೀರೇ.
ತರ್ವೊ ಚಾವಣಿ ನೋಡುತ್ತಿದ್ದ.
ಅಲ್ಲಿ ಇದ್ದದ್ದು ಒಂದು ಟ್ಯೂಬ್‌ಲೈಟು.
"ಏನಾದರೂ ಅನ್ನಿಸಿತೇ?"
"ಇಲ್ಲ" ಎಂದ,
ಅರ್ಜಿಯಲ್ಲಿ ಎಂದ ಹಾಗೆಯೇ.
ಎರಡು ನಿಮಿಷಕ್ಕೆ ಗೆರೆ ತಾನಾಗಿ ಮಲಗಿತು.

ಎರಡೂ ಕೈ ಒಟ್ಟಿಗೆ ಏರಿದರೆ ಅದು ಮದ್ದಿನ ಕೆಲಸವಲ್ಲ,
ಆ ಅಳತೆ ಬಿಡಬೇಕು, ನಿಯಮವಿದೆ.
ಬಿಟ್ಟೆ. ಕಾರಣದ ಕಲಮಿನಲ್ಲಿ "ತಿಳಿಯದು" ಎಂದು ಬರೆದೆ.
ಸಂಜೆ ಡಾಕ್ಟರ ಮೇಜಿಗೆ ಹೋದ ಕೋಷ್ಟಕದಲ್ಲಿ
ಮದ್ದು, ಪ್ರಮಾಣ, ಹಿಗ್ಗು:
ಮೂರೇ ಸಾಲು, ಅಚ್ಚುಕಟ್ಟು.

ಅದಕ್ಕೂ ಮೊದಲು, ಮಧ್ಯಾಹ್ನ, ಪಟ್ಟಿ ಬಿಚ್ಚಿ
ಹತ್ತಿ ಒತ್ತಿ ಹಿಡಿ ಎಂದೆ.
ಕರಿ ಬ್ರೆಡ್ಡು, ಉಪ್ಪು ಹಚ್ಚಿದ ಮೀನು, ಕೊನೆಗೂ ಕಾಫಿ.
ಸಹಿ ಹಾಕಿ ದುಡ್ಡು ಎಣಿಸಿಕೊಂಡ.
ಮೆಟ್ಟಿಲಿಳಿಯುತ್ತ ಅವನೇ ಸಿಳ್ಳೆ ಹಾಕಿದ,
ಅದೇ ಅರ್ಧ ರಾಗ,
ತಪ್ಪಿದ್ದ ಕಡೆ ತಿದ್ದಿಕೊಂಡು.