ಚಕ್ಕುಬಂದಿ

ವಾರದ ಆರು ದಿನ ತಾಲ್ಲೂಕು ಕಚೇರಿ ಎದುರು
ಕ್ರಯಪತ್ರ, ಪಹಣಿ ಜೆರಾಕ್ಸ್ ಮಾಡುವವನು ನಾನು.
ಪುಟಕ್ಕೆ ಎರಡು ರೂಪಾಯಿ.
ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಸರ್ಕಾರಿ ಹಳ್ಳ,
ಉತ್ತರಕ್ಕೆ ಬಂಡಿದಾರಿ –
ಎಷ್ಟು ಸಾವಿರ ಚಕ್ಕುಬಂದಿ ಈ ಗಾಜಿನ ಮೇಲೆ
ಬೋರಲು ಮಲಗಿ, ಬೆಳಕು ಉಂಡು ಎದ್ದು ಹೋದವು!
ಒಂದನ್ನೂ ಕಾಲಿಂದ ತುಳಿದು ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಜಗಳೂರು ಬಸ್‌ಸ್ಟ್ಯಾಂಡಿನಿಂದ
ಒಂದು ಲಗೇಜ್ ಆಟೋದಲ್ಲಿ ಏಳು ಜನ:
ಲೈನ್‌ಮನ್ ದಾದಾಪೀರ್, ನರ್ಸಿಂಗ್ ಓದುವ ರುದ್ರಾಣಿ,
ಅವಳ ಕೈಗವಸು ನೋಡಿ ನಕ್ಕ ಕೊಟ್ರೇಶ
(ಹತ್ತೂವರೆ ಹೊತ್ತಿಗೆ ಅವನೇ ಅದನ್ನು ಎರವಲು ಕೇಳಿದ),
ಇನ್ನು ಮೂವರ ಹೆಸರು ನನಗಿನ್ನೂ ಬಾಯಿಗೆ ಬಂದಿಲ್ಲ.
ಕೊಡಲಿ ಎರಡು, ಮಚ್ಚು ಐದು, ಬುತ್ತಿ, ಒಂದು ಕೊಡ ನೀರು.

ಶಾಲೆಯ ಹಿಂದಿನ ಬಂಡಿದಾರಿ.
ಅಂಚಿಗೆ ಲಕ್ಕಿ, ಬಂದರಿಕೆ, ಕಾರೆ, ನಡುನಡುವೆ ಕತ್ತಾಳೆ –
ಬೇಲಿಯೆಂದು ಯಾರೋ ನೆಟ್ಟಿದ್ದು
ನಲವತ್ತು ವರ್ಷ ಯಾರೂ ಮುಟ್ಟದೆ
ತಲೆ ಮುಗಿಲಿಗೆ, ಬುಡ ಬೋಳು.
ಕುರಿಮರಿ ಇರಲಿ, ಎಮ್ಮೆಯೇ ನುಗ್ಗೀತು.

ಪಾಲಮ್ಮಜ್ಜಿ ಬಂದಳು. ಎಲೆಯಡಿಕೆ ಮೊದಲು, ಮಾತು ಆಮೇಲೆ.
ನಮ್ಮ ಮಚ್ಚುಗಳನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಸವರಿ
'ಕಲ್ಲಂಗಡಿ ಹೆಚ್ಚಾಕೆ ಆದಾವು' ಅಂದಳು.
ಲಕ್ಕಿಯ ಒಂದು ಕಾಂಡ ಹಿಡಿದು, ಬುಡದ ಹತ್ತಿರ
ಓರೆಯಾಗಿ ಒಂದೇ ಏಟು.
ಗಿಡ ಸತ್ತಿತು ಅಂದುಕೊಂಡೆ.
ಬೆರಳಗಲ ತೊಗಟೆ, ಅದರೊಳಗೊಂದು ಪಟ್ಟಿ ಬಿಳಿ ಮರ
ಇನ್ನೂ ಬೇರನ್ನು ಹಿಡಿದಿತ್ತು.
ನಿದ್ದೆಗಣ್ಣಿನ ಮಗುವನ್ನು ಮಲಗಿಸಿದ ಹಾಗೆ
ಕಾಂಡವನ್ನು ಪಕ್ಕದ ಗೂಟಕ್ಕೆ ಒರಗಿಸಿದಳು.

'ಪೂರ್ತಿ ಕಡಿದ್ರೆ ಸೌದೆ ಆಗತೈತಿ.
ಎಲ್ಲಿ ನಿಲ್ಲಿಸಬೇಕು ಅಂಬೋದು
ಕೈಗೆ ಗೊತ್ತಿರಬೇಕು.'

ನನ್ನ ಕೈಗೆ ಗೊತ್ತಿರಲಿಲ್ಲ.
ಮೊದಲ ಭಾನುವಾರ ನಾನು ಕಡಿದ ಹನ್ನೊಂದರಲ್ಲಿ
ಏಳು ಸೌದೆ.
ನಾನೆಣಿಸಿದೆ, ಅಜ್ಜಿ ಎಣಿಸಲಿಲ್ಲ;
ಸಂಜೆ ಅವನ್ನೇ ಹೊರೆ ಕಟ್ಟಿ ತಲೆಗೇರಿಸಿ
'ನೀನು ಬಂದಿದ್ದು ಒಳ್ಳೇದಾತು ಕರಿಬಸಣ್ಣ,
ನೀರೊಲೆಗೆ ಆತು' ಅಂದಳು.
ನನ್ನ ಹೆಸರು ಕರಿಬಸಣ್ಣ ಅಲ್ಲ. ತಿದ್ದಲಿಲ್ಲ.

ದಾದಾಪೀರನ ಕೈ ಮಾತ್ರ ಬೇಗ ಕಲಿಯಿತು.
ಕಂಬದ ಮೇಲೆ, ಎರಡು ತಂತಿಯ ನಡುವೆ
ಎಷ್ಟು ಅಂತರದಲ್ಲಿ ಜೀವ ಇರುತ್ತದೆಂದು
ಇಪ್ಪತ್ತು ವರ್ಷ ಅಳೆದ ಕೈ ಅದು.

ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು,
ಯಾರದೋ ಮನೆಗೆ ದೀಪ ಹಚ್ಚುತ್ತ.
ಇಲ್ಲಿ ನಾವು, ದಿನಕ್ಕೆ ಇಪ್ಪತ್ತು ಮಾರು.

ನಾಲ್ಕನೇ ವಾರ ಬೇಲಿ ಹುಣಸೆಮರದ ತನಕ ಬಂತು.
ಅಲ್ಲೊಂದು ಕಂಡಿ. ಕೊಟ್ರೇಶ ಮುಚ್ಚಲು ಕಾರೆಮುಳ್ಳು ತಂದ.
'ಅದು ಬ್ಯಾಡ' ಅಂದಳು ಅಜ್ಜಿ. ಕಾರಣ ಹೇಳಲಿಲ್ಲ.
ರೊಟ್ಟಿ ಬಿಚ್ಚಿಕೊಂಡು ನಾವು ವಾದ ಹೂಡಿದೆವು –
ಮೊಲಕ್ಕೆ ಅಂದಳು ರುದ್ರಾಣಿ, ಗಾಳಿ ಆಡಲಿಕ್ಕೆ ಅಂದ ಇನ್ನೊಬ್ಬ,
ನಾನು ಏನೋ ದೊಡ್ಡ ಮಾತು ಹೇಳಿದೆ, ಈಗ ನೆನಪಿಲ್ಲ.
ಸಂಜೆ ಅಜ್ಜಿ ಸೌದೆ ಹೊರೆಯನ್ನು ಮೊದಲು ಅದರಲ್ಲಿ ತೂರಿಸಿ,
ಸೆರಗು ಮುಳ್ಳಿಗೆ ಸಿಗದ ಹಾಗೆ ಹಿಡಿದು, ಬಗ್ಗಿ,
ಅಡ್ಡದಾರಿಯಲ್ಲಿ ಮನೆಗೆ ಹೋದಳು.

ಕೃತ್ತಿಕೆ ಮಳೆ ಎರಡು ಹದ ಬಿದ್ದ ಮೇಲೆ
ಒಬ್ಬನೇ ಹೋಗಿದ್ದೆ.
ಮಲಗಿಸಿದ ಕಾಂಡಗಳ ಉದ್ದಕ್ಕೂ
ಗೇಣುದ್ದದ ಚಿಗುರು ನೆಟ್ಟಗೆ ಎದ್ದಿದ್ದವು.
ನನ್ನ ನಾಲ್ಕರಲ್ಲಿ ಮೂರು ಹಸಿರು.
ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತ ಗಾದೆ;
ಅಲ್ಲಿ ಗೂಟದ ಪರವಾಗಿ ಒಂದು ಓತಿಕ್ಯಾತ
ಕತ್ತೆತ್ತಿ ಇಳಿಸಿ, ಹೌದು ಹೌದು ಅನ್ನುತ್ತಿತ್ತು.

ಸೋಮವಾರ ಅಂಗಡಿಗೆ ಒಂದು ಹಳೇ ಕ್ರಯಪತ್ರ ಬಂತು.
ಉತ್ತರಕ್ಕೆ ಬಂಡಿದಾರಿ.
ಗಾಜಿನ ಮೇಲಿಡುವ ಮೊದಲು ಕೇಳಿಬಿಟ್ಟೆ:
'ಈ ಕಡೆ ಅಂಚಿಗೆ ಏನು ಗಿಡ ಐತಿ, ಯಜಮಾನ್ರೇ?'
ಆತ ನನ್ನ ಮುಖ ನೋಡಿದ,
ಮುಳ್ಳು ಗೀರಿದ ಕೈ ನೋಡಿದ,
ಎರಡು ರೂಪಾಯಿ ಮೇಜಿನ ಮೇಲಿಟ್ಟು
ನೆನಪಿಸಿಕೊಳ್ಳತೊಡಗಿದ.