ನಾಲಗೆಯ ತುದಿ

ಜನವರಿ. ಆಳಂದದ ಕಡೆಯಿಂದ ಬರುವ ಬಸ್ಸಿನ ಕಿಟಕಿಗೂ
ತೊಗರಿ ಹೊಟ್ಟಿನ ಧೂಳು.
ಕಲಬುರಗಿಯ ಈ ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ
ನನ್ನ ಮೇಜಿನ ಮೇಲೆ ಎರಡು ಗಾಜಿನ ಪಟ್ಟಿ,
ಮೇಡಂ ಈಗಷ್ಟೆ ಕೆರೆದು ಕೊಟ್ಟದ್ದು:
ಜಗದೇವಿ, ಮೂವತ್ನಾಲ್ಕು, ಎಡಗಣ್ಣು.
ಸೀನಿದರೆ ಹಾರಿಹೋಗುವಷ್ಟು ಚೂರು,
ಹಾಲಿನ ಕೆನೆಯ ಬಣ್ಣ.

ಒಂದು ಹನಿ ಕ್ಷಾರ ಬಿಟ್ಟು ಮುಚ್ಚಿ
ಹತ್ತು ನಿಮಿಷ ಕಾಯಬೇಕು.
ಅಷ್ಟರಲ್ಲಿ ಫಾರ್ಮಿನ ಖಾಲಿ ಕಾಲಂ ತುಂಬಬೇಕು.

"ಏನ್ ಬಿತ್ತವ್ವ ಕಣ್ಣಾಗ?"
"ಏನೂ ಇಲ್ರಿ."
"ರಾಶಿ ಮಾಡ್ಲಾಕ ಹೋಗಿದ್ದಿ?"
"ಹೋಗಿದ್ದೆ. ಎಲ್ಲಾರೂ ಹೋಗ್ತಾರಲ್ರಿ."
"ಶುಗರ್ ಅದಾ?"
"ಯಾರ್ ನೋಡ್ಯಾರ್ರಿ."

ಆಮೇಲೆ ಬಿಚ್ಚಿಕೊಂಡಿತು, ಹಿಂದುಮುಂದಾಗಿ,
ಒದ್ದೆ ಹಗ್ಗದ ಗಂಟಿನ ಹಾಗೆ:
ಮಷಿನ್ನಿನ ಬಾಯಿಂದ ಹಾರಿದ ಸಿಪ್ಪೆ,
ಸೆರಗಿನಿಂದ ತಿಕ್ಕಿದ್ದು,
ಅಲ್ಲ, ಅದಕ್ಕೂ ಮೊದಲು ನಾದಿನಿಯ ಎದೆಹಾಲು ಎರಡು ಹನಿ,
ಊರ ಮೆಡಿಕಲ್‌ನವ ಚೀಟಿ ಕೇಳದೆ ಕೊಟ್ಟ ಡ್ರಾಪ್ಸು:
"ಹಾಕಿದ್ ಕೂಡ್ಲೆ ಥಂಡಗಾಯ್ತ್ರಿ. ಕೆಂಪು ಹೋಯ್ತು.
ನಿದ್ದಿ ಬಂತು. ಆರಾಮಾಯ್ತು ಅಂದ್ಕೊಂಡೆ."

ಆರಾಮಾದದ್ದು ಅವಳಿಗಲ್ಲ.
ಕಾವಲುನಾಯಿಗೆ ನಿದ್ದೆ ಗುಳಿಗೆ ತಿನ್ನಿಸಿದ ಮನೆಯಲ್ಲಿ
ಕಳ್ಳ ಹಾಸಿಗೆ ಬಿಡಿಸಿಕೊಂಡಿದ್ದ.

"ಆರನೇ ದಿನ ಕನ್ನಡಿಯಾಗ ನೋಡ್ಕೊಂಡ್ರ
ಕರಿಗುಡ್ಡಿ ಮ್ಯಾಲ ಹೂ ಬಿದ್ದಿತ್ರಿ."
ಹೂ. ನಮ್ಮ ಕಡೆ ಅದಕ್ಕೆ ಅದೇ ಹೆಸರು.
ತೊಗರಿಯದು ಹಳದಿ, ಕಣ್ಣಿನದು ಬಿಳಿ;
ತೊಗರಿಯದು ಕಾಯಿ ಕಟ್ಟುತ್ತದೆ.

"ಮತ್ತ?"
"ಮತ್ತೇನಿಲ್ರಿ... ಲಾಲಬಿ ಬಲ್ಲಿ ಹೋಗಿದ್ದೆ.
ನಾಲಗಿಲೆ ತೆಗದ್ಳು."

ಪೆನ್ನು ನಿಂತಿತು.
ಏಳು ವರ್ಷದ ನನ್ನ ತಲೆ ಲಾಲಬಿಯ ಮಡಿಲಲ್ಲಿ.
ಎರಡು ಹೆಬ್ಬೆರಳು ರೆಪ್ಪೆ ಬಿಡಿಸಿದವು.
ತಂಬಾಕಿನ ವಾಸನೆ, ಹಿಂದೆಯೇ ಬೆಚ್ಚಗಿನ ಒರಟು ಕತ್ತಲು,
ಕರುವನ್ನು ನೆಕ್ಕುವ ಆಕಳಿನಂತೆ, ಆದರೆ ಒಂದೇ ಸಲ, ತುದಿಯಿಂದ.
ಕಿರುಬೆರಳ ಉಗುರಿನ ಮೇಲೆ ಅವಳು ತೋರಿಸಿದ ಕಲ್ಲಿನ ಹರಳು
ಸಾಸಿವೆಗಿಂತ ಸಣ್ಣದು:
"ನೋಡು, ಇಷ್ಟೆ. ಇದಕ್ಕ ಅಷ್ಟು ಅತ್ತಿ?"
ದುಡ್ಡು ಮುಟ್ಟುತ್ತಿರಲಿಲ್ಲ. ಮಣೆ ಕೊಟ್ಟು, ಚಹಾ ಕೊಟ್ಟರೆ ಸಾಕು.

ಹತ್ತು ನಿಮಿಷ ಆಯಿತು. ದೀಪ ಹಚ್ಚಿ ಬಗ್ಗಿದೆ,
ಹರಕೆ ಹೊತ್ತವಳ ಹಾಗೆ.
ಮೊದಲ ಗಾಜಿನಲ್ಲಿ ಕವಲೊಡೆದ ಎಳೆಗಳು,
ಮಾಸಿದ ರೊಟ್ಟಿಯ ಬೂಷ್ಟಿನ ಬಳಗದವು.
ಬಣ್ಣ ಹಾಕಿದ ಎರಡನೆಯದರಲ್ಲಿ
ಹುಡುಕಿದೆ, ಮತ್ತೆ ಹುಡುಕಿದೆ, ಬಾಯೊಳಗಿನವು ಇಲ್ಲ.
ಹೊಲದ್ದು ಇದು. ಕಟ್ಟಿಗೆಯದ್ದು. ಅವಳದ್ದಲ್ಲ.

ಉಸಿರು ಬಿಟ್ಟೆ. ಬಿಟ್ಟ ಮೇಲೆ ನಾಚಿದೆ:
ಹೊರಗೆ ಬೆಂಚಿನ ಮೇಲೆ ಒಂದು ಕಣ್ಣು ಬೇಯುತ್ತಿದೆ,
ಇಲ್ಲಿ ನಾನು ಒಂದು ನಾಲಗೆಯನ್ನು ಖುಲಾಸೆ ಮಾಡುತ್ತಿದ್ದೇನೆ.
ಹೋದ ಶ್ರಾವಣದಲ್ಲಿ ಬಂದ ಹುಡುಗನ ಗಾಜಿನಲ್ಲಿ
ಅವು ಮಣಿಸರದ ಹಾಗೆ ಪೋಣಿಸಿಕೊಂಡಿದ್ದವು.
ಅವನ ಊರು ಯಾವುದೆಂದು ನಾನು ಕೇಳಿರಲಿಲ್ಲ.

ಕಾಲಂನಲ್ಲಿ ಬರೆದೆ: ತೊಗರಿ ಹೊಟ್ಟು.
ಸ್ಟಿರಾಯ್ಡ್ ಡ್ರಾಪ್ಸ್, ನಾಲ್ಕು ದಿನ.
ಮೂರನೆಯ ಸಾಲಿಗೆ ಪೆನ್ನು ಇಟ್ಟೆ, ತೆಗೆದೆ,
ಚಹಾ ಕುಡಿದು ಬಂದೆ,
ಬರೆದೆ.

ಸಂಜೆ ಫೋನ್ ಹಚ್ಚಿದೆ. ಮೊಮ್ಮಗ ಅವಳ ಕೈಗೆ ಕೊಟ್ಟ.
"ಯಮ್ಮಾ, ಇನ್ಮ್ಯಾಲ ನಾಲಗಿ ಹಚ್ಚಬ್ಯಾಡ.
ಛಲೋ ನೀರಿಲೆ ತೊಳದು ಇಲ್ಲಿಗಿ ಕಳಸು."
ಬಹಳ ಹೊತ್ತು ಬರೀ ಕೋಳಿಗಳ ಸದ್ದು.
"ಬಸ್ ಫುಕಟ್ ಅದ, ಖರೆ ಅದ.
ರಾಶಿ ದಿನದ ಪಗಾರ ಯಾರ್ ಕೊಡ್ತಾರ, ನೀ ಕೊಡ್ತಿ?"
ಆಮೇಲೆ, ದನಿ ಇಳಿಸಿ:
"ನಿನ್ ಕಣ್ಣು ಹೆಂಗದ ಈಗ?"